ಅಳತೆ ರವಿಕೆಯ ಚೀಟಿ

ಹೊಸನಗರ
12-6-1983

ಶೇಷಮ್ಮನಿಗೆ ವರದಮ್ಮನ ನಮಸ್ಕಾರ.

ಎಂದಿನಂತೆ ‘ಪ್ರೀತಿಯ ಶೇಷಿ’ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ತೀರ್ಥಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿ ಆರಾಮಾಗಿದ್ದೀಯಂತೆ. ಇರು.

ನಿನ್ನೆ ವಾಸಪ್ಪನವರು ಮಗಳ ಮದುವೆಗೆ ಕರೆಯಲು ನಮ್ಮ ಮಹಿಳಾ ಸಮಾಜಕ್ಕೆ ಬಂದಿದ್ದರು. ‘ನಮ್ಮ ಶೇಷಿ ಹೊತ್ತಿಗೆ ಸರಿಯಾಗಿ ಹೇಳಿದ್ಲು, ಇಲ್ದಿದ್ರೆ ಮರ್ಯಾದೆ ಹೋಗ್ತಿತ್ತು’ ಎಂದು ನನ್ನೆದುರೇ ನಿನ್ನನ್ನು ಹೊಗಳಿದರು. ನಾನು ಅಕ್ಷತೆಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟೆ.

ಕಷ್ಟದಲ್ಲಿರುವ ಹೆಂಗಸರು ಚೀಟಿ ಹಾಕಲಿ ಎಂದು ನಾವು ಬಾಗಿಲಿಗೆ ಪೆಟ್ಟಿಗೆ ತೂಗುಹಾಕಿದ್ದು ನೆನಪಿದೆಯೇ? ಬಿದ್ದದ್ದೆಲ್ಲ ‘ಇದನ್ನು ಹನ್ನೊಂದು ಜನಕ್ಕೆ ಬರೆದು ಕಳಿಸದಿದ್ದರೆ ಕೇಡು’ ಎನ್ನುವ ಕಾರ್ಡುಗಳು, ಪೋಲಿಗಳ ಹೊಲಸು ಮಾತು, ಬೀಡಿ ತುಂಡು. ಬಂದವರ ಹೆಸರು, ಊರು ಬರೆಸಿಕೊಳ್ಳೋಣ ಎಂಬುದು ನಿನ್ನ ಸಲಹೆ. ಹೆಸರು ಕೇಳಿದರೆ ಯಾವಳು ಬರುತ್ತಾಳೆ ಎಂದು ನಾನು ಜಗಳವಾಡಿದ್ದೆ. ಕೊನೆಗೆ ಪೆಟ್ಟಿಗೆಯನ್ನು ಪೋಲಿಗಳಿಗೇ ಬಿಟ್ಟು, ಸಮಾಜದಲ್ಲಿ ನಮಗೆ ಹೊಲಿಯಲು ಕೊಡುವಾಗ ಅಳತೆ ರವಿಕೆಯ ತೋಳಿನೊಳಗೆ ಚೀಟಿ ಇಡಿ ಎಂದು ಹೆಂಗಸರಿಗೆ ಕಿವಿಯಿಂದ ಕಿವಿಗೆ ಹೇಳಿಸಿದೆವು. ಪೋಲಿಗಳು ಅಳತೆ ರವಿಕೆ ಎಲ್ಲಿಂದ ತರಬೇಕು? ಹೆಂಗಸರಿಗೋ ಅದು ದಿನನಿತ್ಯದ ಕೆಲಸ. ಅವತ್ತು ಇಬ್ಬರೂ ಎಷ್ಟು ನಕ್ಕಿದ್ದೆವು.

ಹೂವಮ್ಮನ ಚೀಟಿ ಬಂದದ್ದು ಹಾಗೆಯೇ. ಗಂಡ ವಾಸಪ್ಪ ಮಗಳನ್ನು ಹುಂಚದ ಕಡೆ ಎರಡನೇ ಸಂಬಂಧಕ್ಕೆ ಕೊಡುತ್ತಿದ್ದಾರೆ, ಹುಡುಗಿ ಓದಬೇಕೆಂದು ಅಳುತ್ತಾಳೆ, ಸಾಗರದ ಹಾಸ್ಟೆಲಿಗೆ ಗುಟ್ಟಾಗಿ ಸೇರಿಸಿಕೊಡಿ ಎಂದು ಬರೆದಿದ್ದಳು. ನಾನು ಸಾಗರಕ್ಕೆ ಹೋಗಿ ಸೀಟು ಮಾತಾಡಿ ಬರುವಷ್ಟರಲ್ಲಿ ನೀನು ವಾಸಪ್ಪನವರಿಗೆ ಎಲ್ಲ ಊದಿಬಿಟ್ಟಿದ್ದೆ. ಹುಡುಗಿಯನ್ನು ಈಗ ಅಂಗಳಕ್ಕೂ ಬಿಡುತ್ತಿಲ್ಲ.

ಅವರು ನಿನ್ನ ದೊಡ್ಡಪ್ಪನ ಮಗ, ಒಪ್ಪಿದೆ. ಅವರು ಅಣ್ಣನಾದರೆ ಹೂವಮ್ಮ ನಿನಗೆ ಅತ್ತಿಗೆಯಲ್ಲವೇ? ಬೀದಿಯ ಪೋಲಿಗಳನ್ನು ತಡೆಯಲು ನಾನು ಅಷ್ಟು ತಲೆ ಕೆಡಿಸಿಕೊಂಡೆ. ಪಕ್ಕದ ಮಿಷನ್ನಿನಲ್ಲಿ ಕೂತವಳೇ ಹೀಗೆ ಮಾಡುತ್ತಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇನ್ನು ಸಮಾಜದ ಮೆಟ್ಟಿಲು ಹತ್ತಬೇಡ.

ನಿನ್ನನ್ನು ಗೆಳತಿ ಎಂದುಕೊಂಡಿದ್ದವಳು,
ವರದಮ್ಮ

ಇದೊಂದು ಮಾತು ಉಳಿಯಿತು: ಬೆಳಿಗ್ಗೆ ಹೂವಮ್ಮ ಬಂದಿದ್ದಳು. ಹೇಳಿದವರು ಯಾರೆಂದು ಗಂಡ ಅವಳಿಗೆ ಬಾಯಿ ಬಿಟ್ಟಿಲ್ಲ. ಚೀಟಿ ಓದಿದ್ದು ನೀವಲ್ವಾ ಅಮ್ಮ, ನೀವೇ ಹೇಳಿದ್ರಾ ಎಂದು ಕೇಳಿದಳು. ನಿನ್ನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಹಾಸ್ಟೆಲಿನ ಸೀಟು ಇನ್ನೂ ಇದೆ ಎಂದೆ. ಅವಳು ನನ್ನ ಮುಖವನ್ನೂ ನೋಡದೆ ಹೋದಳು.