ಖಣವಿಲ್ಲದ ಉಡಿ

ಹೊಲಿಗೆ ತರಬೇತಿ ಕೇಂದ್ರದ ಮಾನ್ಯ ಅಧಿಕಾರಿಗಳೇ,

ನನ್ನ ಎಡಸ್ತನವನ್ನು ಕ್ಯಾನ್ಸರ್ ಒಯ್ದಿತು. ಕುಪ್ಪಸ ಹೊಲಿಯಲು ಕಲಿಸುವ ಕೆಲಸವನ್ನು ಒಯ್ದವರು ತಾವು. ಚಿಕಿತ್ಸೆ ಮುಗಿಸಿ, ವೈದ್ಯರ ಒಪ್ಪಿಗೆ ಪಡೆದು, ಧುಪದಾಳದಿಂದ ಬಸ್ಸು ಹಿಡಿದು ಹುಕ್ಕೇರಿಯ ಕೇಂದ್ರಕ್ಕೆ ಬಂದರೆ ನನ್ನ ತರಗತಿ ಬೇರೆಯವರ ಪಾಲಾಗಿತ್ತು. ನನಗೆ ಉಳಿದದ್ದು ಸಂತೆಚೀಲ ಹೊಲಿಯುವ ಮೂಲೆಯ ಮಷಿನ್. ಕೇಳಿದ್ದಕ್ಕೆ ತಾವು ದನಿ ತಗ್ಗಿಸಿದಿರಿ: "ಅಲ್ಲವ್ವಾರ, ದಿನಾ ಆ ಅಳತಿ ತಗೊಳ್ಳೂದು ನಿಮ್ಮ ಮನಸ್ಸಿಗೆ ತ್ರಾಸ ಆಗತೈತ್ರಿ. ನಿಮ್ಮ ಸಲುವಾಗಿನ ಮಾಡೇನ್ರಿ."

ತ್ರಾಸ ಯಾರಿಗೆ ಸ್ವಾಮಿ? ನನಗೋ, ಅಥವಾ ನನ್ನ ಸೆರಗಿನ ಕಡೆ ನೋಡಲೂ ಆಗದೆ, ನೋಡದೆ ಇರಲೂ ಆಗದೆ ಗೋಡೆಯ ಕ್ಯಾಲೆಂಡರಿನ ಜೊತೆ ಮಾತಾಡಿದ ತಮಗೋ?

ನನ್ನ ರೋಗ ಅಂಟುವುದಿಲ್ಲ. ತಮ್ಮ ಕರುಣೆ ಮಾತ್ರ ಚೆನ್ನಾಗಿ ಅಂಟುತ್ತದೆ. ಕಳೆದ ತಿಂಗಳು ಕೇಂದ್ರದ ಸಮಾರಂಭದಲ್ಲಿ ಮುತ್ತೈದೆಯರಿಗೆ ಉಡಿ ತುಂಬಿದರು. ಎಲ್ಲರಿಗೂ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ. ನನ್ನ ಉಡಿಗೆ ಅಕ್ಕಿ, ಕೊಬ್ಬರಿ, ಒಂದು ಕರವಸ್ತ್ರ. ನನ್ನ ಜೊತೆ ಕಲಿಸುತ್ತಿದ್ದ ಕಾಡವ್ವ ಕಣ್ಣು ಒರೆಸಿಕೊಂಡು, "ಖಣ ಕೊಟ್ರ ನಿನಗ ಕೆಟ್ಟ ಅನಸತೈತಿ ಅಂತ ಬಿಟ್ವಿ, ಯವ್ವಾ" ಎಂದಳು. ಆಕೆಯ ಪ್ರೀತಿ ಸುಳ್ಳಲ್ಲ. ಆದರೆ ಆಸ್ಪತ್ರೆಯಲ್ಲಿ ಅಳದವಳು ಅವತ್ತು ಬಸ್ಸಿನಲ್ಲಿ ಅತ್ತೆ. ಮನೆಯಲ್ಲಿ ನನ್ನ ಗಂಡ ದುಂಡೇಶ ವಿಷಯ ಕೇಳಿ, "ಹಂಗಾರ ನೀ ಮೈಮ್ಯಾಗ ಏನ್ ಹಾಕ್ಕೋಬೇಕಂತ ಅವರ ಲೆಕ್ಕ?" ಎಂದು ಸಿಟ್ಟಾದ.

ನಾನೂ ಕುಪ್ಪಸ ತೊಡುತ್ತೇನೆ, ಮಾನ್ಯರೇ. ಎಡಗಡೆ ಒಳಗೊಂದು ಹತ್ತಿಯ ಮೆತ್ತೆ ಇಟ್ಟು ನಾನೇ ಹೊಲಿದದ್ದು. ಸೆಕೆ ಜೋರಾದರೆ ಮೆತ್ತೆ ತೆಗೆದಿಟ್ಟು ಹಾಗೇ ಸಂತೆಗೆ ಹೋಗುತ್ತೇನೆ. ಕನ್ನಡಿಗೆ ಹೆದರುತ್ತಿದ್ದವಳಿಗೆ ಧೈರ್ಯ ಕೊಟ್ಟದ್ದು ಈ ಹೊಲಿಗೆಯೇ. ಕೆಲವು ವಾರಗಳ ಹಿಂದೆ ಮೂಡಲಗಿಯಿಂದ ಒಬ್ಬಾಕೆ ಮನೆ ಹುಡುಕಿಕೊಂಡು ಬಂದಳು. ಬಾಗಿಲು ಹಾಕಿ, "ನಂದೂ ನಿಮ್ಮಂಗ ಆಗೇತ್ರಿ. ಆವಾಗಿಂದ ಒಂದು ಮದುವಿಗೂ ಹೋಗಿಲ್ಲ" ಎಂದಳು. ಅಳತೆ ತೆಗೆದೆ. ತಾವು ಹೇಳಿದ ತ್ರಾಸ ನನಗೆ ಆಗಲಿಲ್ಲ. ಮರುವಾರ ಆಕೆ ಹೊಸ ಕುಪ್ಪಸ ತೊಟ್ಟು ತಂಗಿಯ ಮದುವೆಗೆ ಹೋದಳು.

ಆದ್ದರಿಂದ ಸೋಮವಾರ ನಾನು ಚೀಲ ಹೊಲಿಯುವುದಿಲ್ಲ. ನನ್ನ ತರಗತಿಯಲ್ಲೇ ಇರುತ್ತೇನೆ. ಮೂಡಲಗಿಯಾಕೆಯೂ ಕಲಿಯಲು ಬರುತ್ತಾಳೆ. ನಮ್ಮನ್ನು ಎಬ್ಬಿಸಿ ಕಳಿಸುವುದಾದರೆ ಎಲ್ಲ ಹೆಂಗಸರ ಎದುರು ಕಾರಣ ಹೇಳಿ ಕಳಿಸಿ. ದನಿ ತಗ್ಗಿಸದೆ, 'ಸ್ತನ' ಎಂಬ ಪದವನ್ನು ಬಾಯಿಬಿಟ್ಟು ಹೇಳಿ.

ಇಂತಿ,
ತಮ್ಮ ಕರುಣೆಯಿಂದ ಸುಸ್ತಾದ
ಅಲ್ಲವ್ವ
ಕುಪ್ಪಸ ಹೊಲಿಗೆಯ ಶಿಕ್ಷಕಿ (ಈಗಲೂ)