ಒಂದು ಚೀಟಿಗೆ ಒಂದೇ ತೊಂದರೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಚೀಟಿ ಕೌಂಟರಿನ ಮೇಲೆ ‘ಒಂದು ಚೀಟಿಗೆ ಒಂದೇ ತೊಂದರೆ’ ಎಂದು ಬರೆದಿರುವ ಬೋರ್ಡನ್ನು ಇಳಿಸಿ. ಆ ಬೋರ್ಡಿಗೆ ಮರ್ಯಾದೆ ಕೊಟ್ಟವಳು ನನ್ನ ಅಕ್ಕ. ಈಗ ನಿಮ್ಮದೇ ಮೂರನೆಯ ಮಹಡಿಯಲ್ಲಿ ಮೊಣಕಾಲನ್ನು ಎದೆಗೆ ಅವುಚಿಕೊಂಡು ಮಲಗಿದ್ದಾಳೆ.

ಅಕ್ಕ ಬಸ್ ಕಂಡಕ್ಟರ್. ನಿಯಮ ಅಂದರೆ ನಿಯಮ; ತಮ್ಮನಾದ ನನ್ನನ್ನೂ ಒಂದು ದಿನವೂ ಬಿಟ್ಟಿಯಾಗಿ ಕೂರಿಸಿಕೊಂಡವಳಲ್ಲ. ಬೆನ್ನೂ ನೋಯುತ್ತದೆ, ಮೇಲ್ಹೊಟ್ಟೆಯೂ ಹಿಂಡುತ್ತದೆ ಅಂದಾಗ ನಿಮ್ಮ ಗುಮಾಸ್ತರು ತಲೆ ಎತ್ತದೆ ಕೇಳಿದರು, “ಎರಡ್ರಲ್ಲಿ ಯಾವುದು ಜಾಸ್ತಿ? ಬೇಗ ಹೇಳಮ್ಮ, ಹಿಂದೆ ಜನ ಇದ್ದಾರೆ.” ಅಕ್ಕ ಬೆನ್ನು ಅಂದಳು. ಮೂಳೆ ವಿಭಾಗದವರು ಸೊಂಟಕ್ಕೆ ಬೆಲ್ಟು ಕೊಟ್ಟರು, ಮುಲಾಮು ಕೊಟ್ಟರು, ಬಸ್ಸಿನ ಕುಲುಕಾಟವನ್ನು ಬೈದರು. “ಹೊಟ್ಟೆ ವಿಷಯಾನೂ ಹೇಳಬಾರದಿತ್ತಾ ಅಕ್ಕಾ?” ಅಂದರೆ ನನ್ನನ್ನೇ ಗದರಿದಳು: “ಚೀಟೀಲಿ ಬೆನ್ನು ಅಂತಿದೆ ಕಣೋ. ಒಂದು ಸ್ಟಾಪಿಗೆ ಟಿಕೆಟ್ ತಗೊಂಡು ಇನ್ನೊಂದು ಸ್ಟಾಪಲ್ಲಿ ಇಳಿಯೋಕಾಗುತ್ತಾ?” ಇಬ್ಬರೂ ನಕ್ಕೆವು. ಆ ನಗು ನೆನೆದರೆ ಈಗ ಸಂಕಟವಾಗುತ್ತದೆ.

ಕಣ್ಣು ಹಳದಿಯಾದ ಮೇಲೆ ಹೊಸ ಚೀಟಿ, ಹೊಸ ವಿಭಾಗ, ಸ್ಕ್ಯಾನಿಂಗ್. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್. ನಿಮ್ಮ ಕಿರಿಯ ವೈದ್ಯೆಯೊಬ್ಬರು ನಮ್ಮನ್ನು ಕೂರಿಸಿ ಬಿಡಿಸಿ ಹೇಳಿದರು. ಆ ಗ್ರಂಥಿಯ ಹಿಂದೆಯೇ ನರಗಳ ಗೊಂಚಲಿದೆಯಂತೆ. ಕ್ಯಾನ್ಸರ್ ಆ ನರಗಳೊಳಗೆ ನುಸುಳಿ ಅವುಗಳ ಗುಂಟ ಹಬ್ಬುತ್ತದಂತೆ. ನರಗಳು ಬರೀ ದಾರಿ ಬಿಡುವುದಷ್ಟೇ ಅಲ್ಲ, ಅದು ಬೆಳೆಯಲು ಕುಮ್ಮಕ್ಕನ್ನೂ ಕೊಡುತ್ತವಂತೆ. ಬೆನ್ನಿನದೂ ಹೊಟ್ಟೆಯದೂ ಒಂದೇ ನೋವಾಗಿತ್ತು. ಮೊದಲೇ ಗೊತ್ತಾಗಿದ್ದರೆ ಗುಣವಾಗುತ್ತಿತ್ತೇ? ಅವರು ಆಣೆ ಮಾಡಲಿಲ್ಲ, ನಾನೂ ಮಾಡುವುದಿಲ್ಲ. ಆದರೆ ಕ್ಯಾನ್ಸರ್ ಯಾವ ವಿಭಾಗದ ಅಪ್ಪಣೆಯನ್ನೂ ಕೇಳದೆ ಓಡಾಡುತ್ತಿದ್ದಾಗ, ಅಪ್ಪಣೆಗೆ ಕಾದು ಕೂತವಳು ರೋಗಿ ಮಾತ್ರ, ಅಲ್ಲವೇ?

ಈಗಿನ ಕಥೆ ಕೇಳಿ. ಆ ನರಗಳ ಗೊಂಚಲಿಗೇ ಮದ್ದು ಚುಚ್ಚಿದರೆ ನೋವು ತಗ್ಗಬಹುದು ಎಂದು ಅದೇ ವೈದ್ಯೆ ಬರೆದುಕೊಟ್ಟಿದ್ದಾರೆ. ಅದು ನರದ ಕೆಲಸ ಎನ್ನುತ್ತದೆ ಹೊಟ್ಟೆ ವಿಭಾಗ. ಅದು ಹೊಟ್ಟೆಯ ರೋಗ ಎನ್ನುತ್ತದೆ ನರ ವಿಭಾಗ. ಇಬ್ಬರೂ ಬಹಳ ಸಭ್ಯರು. ಬಾಗಿಲವರೆಗೂ ಬಂದು ಎದುರಿನ ಬಾಗಿಲು ತೋರಿಸುತ್ತಾರೆ. ಎರಡೂ ಬಾಗಿಲು ನಿಮ್ಮವೇ ತಾನೇ?

ಗುಣಪಡಿಸಿ ಎಂದು ನಾನು ಕೇಳುತ್ತಿಲ್ಲ. ಆ ಚುಚ್ಚುಮದ್ದನ್ನು ಕೊಡಬೇಕಾದವರು ಯಾರೆಂದು ಇವತ್ತೇ ಆದೇಶ ಮಾಡಿ. ಬೋರ್ಡು ನಾಳೆ ಇಳಿದರೂ ನಡೆದೀತು. ಬೆಳಿಗ್ಗೆ ಮತ್ತೆ ಚೀಟಿ ಮಾಡಿಸಲು ಹೊರಟಾಗ ಅಕ್ಕ ನನ್ನ ಕೈ ಹಿಡಿದು ಕೇಳಿದಳು, “ಈ ಸಲ ಏನಂತ ಬರೆಸ್ತೀಯೋ? ನನಗಂತೂ ಎಲ್ಲಿ ನೋಯ್ತಿಲ್ಲ ಅಂತಾನೇ ಗೊತ್ತಾಗ್ತಿಲ್ಲ.”

ಇಂತಿ,
ನಿಮ್ಮ ಎರಡು ಬಾಗಿಲುಗಳ ನಡುವೆ ಇನ್ನೂ ನಿಂತಿರುವ
ಕಂಡಕ್ಟರಮ್ಮನ ತಮ್ಮ