ಮಾತ್ರೆ ಮುಟ್ಟದ ಮಿದುಳು ಬೇಕಾಗಿದೆ

ಮಿದುಳು ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ಸ್ಕ್ಯಾನ್ ಯಂತ್ರ ಹಾಳಾಗಿದೆ. ಅದು ರಿಪೇರಿಯಾಗುವವರೆಗೆ ನನ್ನ ಮಗಳ ಕಾಯಿಲೆ ಕೆಡದಂತೆ ನಾನು ನೋಡಿಕೊಳ್ಳಬೇಕಂತೆ. ನನ್ನ ದೂರು ಇಷ್ಟೇ.

ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದವಳು. ಕೆಲವು ತಿಂಗಳಿಂದ, ಯಾರೋ ತನ್ನ ತಲೆಯ ಮೇಲೆ ಕಣ್ಣಿಟ್ಟಿದ್ದಾರೆ ಎನ್ನತೊಡಗಿದಳು. ನಿಮ್ಮ ವೈದ್ಯರು ಸ್ಕಿಜೋಫ್ರೇನಿಯಾದ ಆರಂಭ ಎಂದರು, ಅಧ್ಯಯನಕ್ಕೂ ಸೇರಿಸಿಕೊಂಡರು. ಈ ಕಾಯಿಲೆಯ ಶುರುವಿನಲ್ಲಿ ಮಿದುಳು ಸಕ್ಕರೆಯನ್ನು ಬೇರೆ ರೀತಿ ಉರಿಸುತ್ತದೆಯೇ ಎಂದು ನೋಡುವ ಅಧ್ಯಯನ. ವ್ಯತ್ಯಾಸ ಕಾಯಿಲೆಯದೋ ಮಾತ್ರೆಯದೋ ತಿಳಿಯಬೇಕಾದರೆ ಮಾತ್ರೆ ಮುಟ್ಟದ ಮಿದುಳೇ ಬೇಕು. ತರ್ಕ ಸರಿಯಾಗಿದೆ. ನಾನೂ ಒಪ್ಪಿದೆ. ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ ನನಗೆ ಬೇಗ ಸರಿಯೆನಿಸುತ್ತದೆ, ಓದಿದ ಶಾಲೆಯ ಗುಣವಿರಬೇಕು.

ಯಂತ್ರ ಹಾಳಾದದ್ದು ಆಮೇಲೆ. ಕಳೆದ ಸೋಮವಾರ ಮಗಳು ಅಡುಗೆಮನೆಗೆ ಬಂದು, "ಸಾಕಾಗಿದೆ ಅಮ್ಮ. ಅದೇನ್ ಮಾತ್ರೆನೋ ಕೊಡ್ಸು, ನುಂಗ್ತೀನಿ" ಎಂದಳು. ನಾನು ಕೊಟ್ಟ ನೀರನ್ನೂ ಮೂಸಿ ನೋಡುವವಳ ಮಾತು ಇದು. ಕೂಡಲೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಅವಳಿಂದ ಗುಟ್ಟು ಬೇಡವೆಂದು ಸ್ಪೀಕರ್ ಹಾಕಿದ್ದೆ.

"ಅಯ್ಯೋ, ಈಗ್ಲೇ ಬೇಡ ಮೇಡಂ," ಎಂದರು ನಿಮ್ಮ ಸಹಾಯಕಿ. "ಮಷೀನ್ ಸರಿಹೋಗ್ಲಿ. ಅಲ್ಲೀವರೆಗೂ ಅವರ ಬ್ರೈನ್ ಹೀಗೇ ಇರ್ಲಿ. ನಮ್ಗದು ತುಂಬಾ ಮುಖ್ಯ."

ಮಗಳು ನಕ್ಕಳು. "ಕೇಳಿಸ್ಕೊಂಡ್ಯಾ? ನಾನ್ ಹೇಳಿದ್ರೆ ಕಾಯಿಲೆ ಅಂತಿದ್ದೆ."

ಮಾನ್ಯರೇ, ನಿನ್ನ ತಲೆ ಯಾರಿಗೂ ಬೇಕಾಗಿಲ್ಲ ಕಣೇ ಎಂದು ಹೇಳಿ ಹೇಳಿ ನಾಲಿಗೆ ಸವೆಸಿದವಳು ನಾನು. ನಿಮ್ಮ ಕೇಂದ್ರ ಒಂದೇ ಕರೆಯಲ್ಲಿ ಅವಳ ಭ್ರಮೆಗೆ ಅಧಿಕೃತ ಮುದ್ರೆ ಒತ್ತಿತು. ಈಗ ಮಾತ್ರೆ ಎಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಊಟದ ತಟ್ಟೆ ಹೊರಗೇ ಉಳಿಯುತ್ತದೆ. ಅನ್ನ ಬಿಟ್ಟವಳ ಮಿದುಳು ಸಕ್ಕರೆಯನ್ನು ಹೇಗೆ ಉರಿಸುತ್ತದೆಂದು ನಿಮ್ಮ ಯಂತ್ರ ನಿಧಾನವಾಗಿ ತೋರಿಸಲಿ. ಮೂಗಿಗಿಂತ ಮೂಗುತಿ ಭಾರವಾದದ್ದನ್ನು ಕಾಣಲು ಯಂತ್ರ ಬೇಕಿಲ್ಲ.

ಸಂಶೋಧನೆಯೇ ಬೇಡವೆನ್ನುವವಳಲ್ಲ. ಅದರಿಂದ ಮುಂದೆ ಯಾರದೋ ಮಗಳು ಬದುಕಿಕೊಳ್ಳಬಹುದು. ಅವಳಿಗಾಗಿ ನನ್ನವಳು ಕಾಯಬೇಕೇ ಎಂದು ನನ್ನನ್ನೇ ಕೇಳಿಕೊಂಡೆ. ನಾನು ತಾಯಿ, ಪಕ್ಷಪಾತಿ. ನನ್ನ ಉತ್ತರ ನಿಮಗೆ ಪುರಾವೆಯಲ್ಲ. ಆದರೆ ಚಿಕಿತ್ಸೆ ಕೇಳಿದವಳನ್ನು ತಡೆದ ನೀವು ಯಾರ ಪಕ್ಷ?

ಅವಳನ್ನು ಇಂದೇ ಅಧ್ಯಯನದಿಂದ ಕೈಬಿಡಿ. ಚಿಕಿತ್ಸೆ ಶುರುಮಾಡಬಲ್ಲ ವೈದ್ಯರೊಬ್ಬರನ್ನು ಮನೆಗೆ ಕಳಿಸಿ. ನನ್ನ ಮಾತನ್ನು ಅವಳಿನ್ನು ನಂಬುವುದಿಲ್ಲ, ಅವಳ ಮುಚ್ಚಿದ ಬಾಗಿಲ ಹೊರಗೆ ಅವರೇ ಕೂತು ಹೇಳಲಿ: "ನೀನ್ ಹೇಳಿದ್ದು ನಿಜಾನೇ. ನಿನ್ನ ತಲೆ ನಮ್ಗೆ ಬೇಕಾಗಿತ್ತು. ತಪ್ಪಾಯ್ತು."

ಇಂತಿ,
ನಿಮ್ಮ ಯಾವ ಅಧ್ಯಯನಕ್ಕೂ ಬೇಡವಾದ ತಲೆಯುಳ್ಳ
ಒಬ್ಬ ತಾಯಿ